ಮೂವತ್ತೆಂಟು ಗ್ರಾಂ

ಯೆರೆವಾನಿನ ವರ್ಕ್‌ಶಾಪು ಕೊಟ್ಟ ಚೀಟಿ ಹ್ರಾಂತನ ಜೇಬಲ್ಲಿತ್ತು,
ಠಸ್ಸೆ ಸಮೇತ: ಈ ಫ್ಲೈವೀಲ್ ಸಮತೂಕ, ದೋಷ ಸೊನ್ನೆ.
ಆದರೂ ನಿಮಿಷಕ್ಕೆ ಸಾವಿರದ ನಾನೂರು ಸುತ್ತು ಮುಟ್ಟಿದರೆ ಸಾಕು,
ಗೇರಿನ ಕೋಲು ಜ್ವರದವನ ಕೈಯಾಗಿ,
ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡಾಗಿ,
ಆರ್ತಿಕಿನ ಗಣಿಯಿಂದ ಹೇರಿ ತಂದ ಗುಲಾಬಿ ಕಲ್ಲು
ಲಾರಿಯ ಬೆನ್ನಲ್ಲಿ ಹಲ್ಲು ಕಡಿಯುತ್ತಿತ್ತು.

"ಎಂಜಿನ್ನೇ ಮೋಸದ್ದು" ಅಂದ ಹ್ರಾಂತ್.
ಮಾರಿದವನಿಗೂ ಮಾರಿದವನ ತಾತನಿಗೂ ಸೇರಿಸಿ ಬೈದ.

ವಾರ್ಪೆತ್ ತಾಚಾತ್
(ಗ್ಯುಮ್ರಿಯಲ್ಲಿ ಉಸ್ತಾದರನ್ನು ಕರೆಯುವುದೇ ಹಾಗೆ)
ಚೀಟಿಯನ್ನು ಎರಡು ಸಲ ಓದಿ, ನಾಲ್ಕಾಗಿ ಮಡಚಿ,
ಕುಂಟುವ ಮೇಜಿನ ಕಾಲಡಿ ತುರುಕಿದರು.
ಮೇಜು ನಿಂತಿತು.
"ಉಪಯೋಗಕ್ಕೆ ಬಂತಲ್ಲ."

ಆಮೇಲೆ ಕೇಳಿದ್ದು ಒಂದೇ:
ಈ ಎಂಜಿನ್ ಬಂದಾಗ ಇದರ ಬೆನ್ನಿಗಿದ್ದ ಗಾಲಿ ಎಲ್ಲಿ?
"ಬಿರುಕು ಬಿಟ್ಟಿತ್ತು. ಕೋಳಿಗೂಡಿನ ಬಾಗಿಲಿಗೆ ಒತ್ತಿಟ್ಟಿದ್ದೇನೆ.
ಹಳೇ ಎಂಜಿನ್ನಿನದನ್ನೇ ಸಮ ಮಾಡಿಸಿ ಹಾಕಿದೆ.
ಬೋಲ್ಟು ಕೂತಿತು, ಹಲ್ಲು ಕೂತಿತು, ಇನ್ನೇನು ಬೇಕು?"
"ಕೂತದ್ದೆಲ್ಲ ಹೊಂದಿದ ಹಾಗಲ್ಲ. ತಗೊಂಡು ಬಾ."

ಹಿಕ್ಕೆ ತೊಳೆದವಳು ನಾನು. ಹದಿನೇಳರ ಕಲಿಕೆಯವಳು,
ತೊಳೆಯುವುದೆಲ್ಲ ನನ್ನ ಪಾಲು.
ಬಿರುಕಿನ ಗಾಲಿಗೆ ಅಚ್ಚು ತೂರಿಸಿ
ಎರಡು ಚೂಪು ಕಂಬಿಗಳ ಮೇಲೆ ಮೆಲ್ಲಗೆ ಇಟ್ಟೆವು.
ಅದು ಅತ್ತ ಒಮ್ಮೆ, ಇತ್ತ ಒಮ್ಮೆ ಹೊರಳಿ,
ನಿದ್ದೆಯಲ್ಲಿ ಮಗ್ಗುಲು ಹುಡುಕುವ ಹಾಗೆ ಹುಡುಕಿ,
ಭಾರದ ಕಡೆ ಕೆಳಗಾಗಿ ನಿಂತಿತು.
ನೆತ್ತಿಯಲ್ಲಿ ಸೀಮೆಸುಣ್ಣದ ಗೆರೆ.

ಅಲ್ಲಿಗೆ ಹಿಟ್ಟು ಮೆತ್ತಿದರು.
ಹೆಂಡತಿ ಸಿರಾನುಷ್ ಲವಾಶಿಗೆ ನಾದಿದ್ದ ಹಿಟ್ಟು,
ಬೈಸಿಕೊಂಡು ತಂದದ್ದು.
ಒಂದು ಚಿಟಿಕೆ, ಇನ್ನೊಂದು, ಗೋಲಿಯಷ್ಟು,
ಹೇಗೆ ನಿಲ್ಲಿಸಿದರೆ ಹಾಗೆ ನಿಲ್ಲುವ ತನಕ.
"ಓಡು, ಒಣಗಿದರೆ ಲೆಕ್ಕ ಕೆಡುತ್ತದೆ!"
ಓಡಿದೆ ಔಷಧದಂಗಡಿಗೆ, ಅಂಗೈಯಲ್ಲಿ ಹಸಿ ಹಿಟ್ಟು.
ಮೂವತ್ತೆಂಟು ಗ್ರಾಂ.

ಅಷ್ಟು ಕಬ್ಬಿಣ ಆ ಗಾಲಿಯಲ್ಲಿ ಹುಟ್ಟುವಾಗಲೇ ಇರಲಿಲ್ಲ.
ಬೇಕೆಂದೇ ಕೊರೆದು ತೆಗೆದಿದ್ದರು ಯಾರೋ, ಯಾವ ಕಾರ್ಖಾನೆಯಲ್ಲೋ,
ಈ ಒಂದೇ ಕ್ರ್ಯಾಂಕಿನ ಓರೆಗೆ ಓರೆಯಾಗಲಿ ಎಂದು.
ಸೊನ್ನೆಯ ಗಾಲಿ ತಂದು ಕಟ್ಟಿದರೆ
ಕ್ರ್ಯಾಂಕು ತನ್ನ ಓರೆಯನ್ನು ಯಾರ ಮೇಲೆ ಒರಗಿಸಬೇಕು?

"ಯೆರೆವಾನಿನವರು ತಪ್ಪು ಮಾಡಿಲ್ಲ,
ಅದೇ ತಪ್ಪು" ಅಂದರು ವಾರ್ಪೆತ್.

ಆರು ಬೋಲ್ಟಿನ ತೂತುಗಳಲ್ಲಿ ಒಂದು ಕೂದಲೆಳೆ ಪಕ್ಕಕ್ಕೆ;
ಅಲ್ಲಿಂದ ಬಲಕ್ಕೆ ಹಲ್ಲು ಎಣಿಸಿದೆ, ಇಪ್ಪತ್ತೇಳು.
ಒಳ್ಳೆಯ ಗಾಲಿಯಲ್ಲೂ ಇಪ್ಪತ್ತೇಳನೇ ಹಲ್ಲಿನ ಕೆಳಗೆ
ಹದಿಮೂರರ ಬೈರಿಗೆ, ಹತ್ತು ಮಿಲಿಮೀಟರ್ ಆಳ.
ನಾಲ್ಕು ತೂತು, ಐದನೆಯದು ಅರ್ಧ.
ಹ್ರಾಂತ್ ಮುಖ ತಿರುಗಿಸಿದ:
ಠಸ್ಸೆ ಬಿದ್ದ ಸಾಮಾನು, ಕಾಸು ಕೊಟ್ಟು ಸಮ ಮಾಡಿಸಿದ್ದು,
ಕಣ್ಣೆದುರೇ ಕೆಡುತ್ತಿದೆ. ಸಿಂಬೆ ಸಿಂಬೆಯಾಗಿ ಬಿತ್ತು ಬೂದು ಚೂರು.

ಓಡುವ ಎಂಜಿನ್ನಿನ ಮೇಲೆ ತಾಚಾತ್ ಎಂದೂ ಕೈಯಿಡುವುದಿಲ್ಲ.
ಗ್ಲಾಸು ನೀರು ಇಡಿಸಿ, ಆರಡಿ ಹಿಂದೆ ನಿಂತು ನೋಡುತ್ತಾರೆ.
ಯಾಕೆಂದು ನಾನು ಕೇಳಿಲ್ಲ.
ಆ ಒಂದು ಡಿಸೆಂಬರಿಗೆ ಮೊದಲು ಹುಟ್ಟಿದವರನ್ನು
ಈ ಊರಲ್ಲಿ ನಡುಕದ ಬಗ್ಗೆ ಯಾರೂ ಕೇಳುವುದಿಲ್ಲ.

ಎಂಟುನೂರು. ಸಾವಿರ. ಸಾವಿರದ ನಾನೂರು.
ನೀರಿನಲ್ಲಿ ಸೂರಿನ ತಗಡು ಕಾಣುತ್ತಿತ್ತು,
ತಗಡಿನ ಮೊಳೆಗಳೂ ಕಾಣುತ್ತಿದ್ದವು,
ಒಂದೊಂದಾಗಿ ಎಣಿಸಬಹುದಿತ್ತು.
ವಾರ್ಪೆತ್ ಒಂದು ಹೆಜ್ಜೆ ಮುಂದೆ ಬಂದರು.

ಅಷ್ಟರಲ್ಲಿ ಹ್ರಾಂತ್ ಗ್ಲಾಸೆತ್ತಿ ಗಟಗಟ ಕುಡಿದುಬಿಟ್ಟ.
ಮೀಸೆ ಒರೆಸಿಕೊಂಡು ಗೊಣಗಿದ:
"ಇನ್ನು ಘಾಟಿಯಲ್ಲಿ ನನಗೆ ನಿದ್ದೆ ಬಂದರೆ
ಎಬ್ಬಿಸುವವರು ಯಾರು?"