ಎಡಕ್ಕೆ ಎರಡು ಬೆರಳು

ಎಫ್‌ಸಿ ಆಗಿದೆ ಸಾರ್, ಇನ್ನೈದು ವರ್ಷ ಚಿಂತೆಯಿಲ್ಲ
ಎಂದ ಚೆಲುವರಾಜು, ಕಾಗದವನ್ನು
ಲಗ್ನಪತ್ರಿಕೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು.
ಲ್ಯಾಮಿನೇಷನ್ ಇನ್ನೂ ಬೆಚ್ಚಗಿತ್ತು.

ಕಾರು ಕಪ್ಪು. ಹದಿನೈದು ವರ್ಷ ತುಂಬಿದ್ದು.
ಪೀಣ್ಯದ ಯಾವುದೋ ಕಾರ್ಖಾನೆಯ ದೊಡ್ಡ ಸಾಹೇಬರದು.
ಹಿಂದಿನ ಸೀಟಿಗೆ ಓದುವ ದೀಪ, ಕಿಟಕಿಗೆ ಪರದೆ,
ಕೈಯಿಡುವ ಜಾಗದಲ್ಲಿ ಚರ್ಮ ಸವೆದು
ಒಂದು ಹೆಬ್ಬೆರಳಿನಷ್ಟು ಬಿಳುಪು.

ವಿಲ್ಸನ್ ಗಾರ್ಡನ್ನಿನಲ್ಲಿ ನನ್ನದು ಬೋರ್ಡಿಲ್ಲದ ಅಂಗಡಿ.
ಕೊಳ್ಳುವವರ ಪರವಾಗಿ ಕಾರಿಗೆ ಕಿವಿ ಕೊಡುವುದು ಕೆಲಸ;
ಐನೂರು ರೂಪಾಯಿ, ಒಂದು ಟೀ.

ಮುಬೀನಾ ನೀಲಸಂದ್ರದಲ್ಲಿ ಬ್ಲೌಸ್ ಹೊಲಿಯುತ್ತಾಳೆ.
ತಾಯಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್.
ವಾಪಸು ಬರುವಾಗ ಅಮ್ಮನ ಮುಖ ನೋಡಿ
ವಾಂತಿಯಾದೀತೆಂದು ಆಟೋದವರು ನಿಲ್ಲಿಸುವುದಿಲ್ಲ.
ಅಣ್ಣಾ, ಈ ಕಾಗದ ನಂಬಬಹುದಾ?
ಮಧ್ಯದಲ್ಲಿ ಕೈ ಕೊಡಲ್ಲ ತಾನೆ?

ಆ ಪರೀಕ್ಷೆ ನಾನು ಬೇಕಾದಷ್ಟು ಕಂಡಿದ್ದೇನೆ.
ಸಮತಟ್ಟಾದ ಅಂಗಳ, ಬೇವಿನ ನೆರಳು.
ಹಾರ್ನ್ ಹೊಡಿ. ಲೈಟ್ ಹಾಕು.
ಹಿಂದೆ ಬಾ, ಮುಂದೆ ಹೋಗು, ಬ್ರೇಕ್. ಆಯ್ತು ನಡಿ.
ಛಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕುತ್ತಾರೆ,
ಚಿಕ್ಕಂದಿನಲ್ಲಿ ನಾವು ನಾಲ್ಕಾಣೆಯ ಅಚ್ಚು ಎತ್ತುತ್ತಿದ್ದ ಹಾಗೆ.
ಹೊಗೆ ಅಳೆಯುವ ವ್ಯಾನಿನ ಹುಡುಗ
ಪೈಪಿಗೆ ಕಡ್ಡಿ ತೂರಿಸಿ
ಮೊಬೈಲು ನೋಡಿ ನಗುತ್ತಾನೆ. ಪಾಸ್.

ಸುಳ್ಳೇನಲ್ಲ.
ಕೇಳಿದ್ದಕ್ಕೆಲ್ಲ ಕಾರು ನಿಜವನ್ನೇ ಹೇಳಿದೆ.
ಯಾರೂ ಕೇಳಲಿಲ್ಲ ಹೊಂಡದ ವಿಚಾರ,
ಸಂಜೆ ಆರೂವರೆಗೆ ಡೇರಿ ಸರ್ಕಲ್ಲಿನಲ್ಲಿ
ಮೊದಲ ಗೇರಿನಲ್ಲೇ ಮುಕ್ಕಾಲು ಗಂಟೆ ಕುದಿಯುವ ವಿಚಾರ.

ಬಗ್ಗಿ ಟೈರು ಸವರಿದೆ. ನನ್ನ ತಲೆಯಷ್ಟೇ ನುಣುಪು.
ಇದಕ್ಕೆ ಹೇಗಯ್ಯಾ ಸೀಲು ಬಿತ್ತು, ಚೆಲುವಾ?
ಅವನು ಆಕಾಶ ನೋಡಿದ. ಅಲ್ಲೊಂದು ಹದ್ದು ಸುತ್ತುತ್ತಿತ್ತು.
ಆ ದಿನ ಬೇರೆ ಇತ್ತು ಸಾರ್.

ಆ ದಿನದವು ಕಲಾಸಿಪಾಳ್ಯದವು, ಬಾಡಿಗೆಯವು,
ಬೆಳಿಗ್ಗೆ ಹಾಕಿ ಮಧ್ಯಾಹ್ನ ಬಿಚ್ಚಿದ್ದು.
ಹೆಣ್ಣು ನೋಡಲು ಹೊರಟವನು
ಪಕ್ಕದ ಮನೆಯ ವಾಚು ಕಟ್ಟಿಕೊಂಡ ಹಾಗೆ.

ಆದರೂ ಓಡಿಸಿದೆ. ಎಂಜಿನ್ನು ಚೆನ್ನಾಗಿತ್ತು, ನಾನೇ ನಂಬಲಿಲ್ಲ.
ಯಾರೋ ಡ್ರೈವರು ಒಂದು ಸಲವೂ ಆಯಿಲ್ ತಪ್ಪಿಸಿಲ್ಲ.
ಅವನ ಹೆಸರು ಸರ್ವಿಸ್ ಪುಸ್ತಕದಲ್ಲಿಲ್ಲ;
ಕ್ಲಚ್ ಪೆಡಲಿನ ರಬ್ಬರು ಸವೆದಲ್ಲಿ ಇದ್ದಾನೆ.

ಬಂದು ನಿಲ್ಲಿಸಿ, ಎಳನೀರಿನ ಗಾಡಿಯವರೆಗೆ ಹೋಗಿ ತಿರುಗಿ ನೋಡಿದೆ:
ಹಿಂದಿನ ಎಡಮೂಲೆ ಎರಡು ಬೆರಳು ಕೆಳಗೆ.
ಸಾಹೇಬರು ಅಷ್ಟೂ ವರ್ಷ ಅಲ್ಲೇ ಕೂತದ್ದು.
ಅವರು ಇಳಿದು ಹೋಗಿಯಾಯಿತು,
ಭಾರ ಇಳಿದಿಲ್ಲ.
ಇದನ್ನು ಬರೆಯಲು ಸರ್ಕಾರದ ಫಾರಮ್ಮಿನಲ್ಲಿ ಜಾಗವಿಲ್ಲ.

ಹೇಳಿದೆ: ಕಾಗದ ಆ ಮಂಗಳವಾರದ ಮಾತು.
ಇವತ್ತಿನದು ನಾನು ಹೇಳಬಲ್ಲೆ.
ನಾಳೆಯದು ಕಾರಿಗೂ ಗೊತ್ತಿಲ್ಲಮ್ಮ.
ಮುಬೀನಾ ದುಪಟ್ಟಾದ ಅಂಚು ಬೆರಳಿಗೆ ಸುತ್ತಿಕೊಂಡಳು.
ಅಮ್ಮನ ರಕ್ತದ ರಿಪೋರ್ಟೂ ಹಾಗೇ ಅಣ್ಣಾ,
ಬೆಳಿಗ್ಗೆ ನಾರ್ಮಲ್ ಅಂತ ಕೊಟ್ಟರು,
ಸಂಜೆ ಅಡ್ಮಿಟ್ ಮಾಡಿದೆವು.

ಸ್ಪ್ರಿಂಗಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕುತ್ತಿದ್ದೆ.
ಅಷ್ಟರಲ್ಲಿ ಆ ತಾಯಿ, ಇಷ್ಟು ಹೊತ್ತೂ ಸ್ಟೂಲಿನ ಮೇಲಿದ್ದವರು,
ಊದಿದ ಕಾಲು ಎಳೆದುಕೊಂಡು ಬಂದು ಬಾಗಿಲು ತೆಗೆದರು.
ಎಡಗಡೆಯದೇ.
ಯಾರ ಕೈಯನ್ನೂ ಹಿಡಿಯದೆ ಕೂತರು.
ಓದುವ ದೀಪ ಹಾಕಿದರು, ಆರಿಸಿದರು, ಮತ್ತೆ ಹಾಕಿದರು.
ಇದು ಎತ್ತರ ಇಲ್ಲ, ಬೇಟಿ. ಇದು ಸರಿ ಇದೆ.

ಚೀಟಿಯಲ್ಲಿ ಸ್ಪ್ರಿಂಗ್ ಎಂದು ಬರೆದದ್ದನ್ನು
ಹೊಡೆದು ಹಾಕಿದೆ.
ಟೈರು ಮಾತ್ರ ನಾಲ್ಕೂ, ಇವತ್ತೇ, ಎಂದೆ,
ಅದೂ ನಿನ್ನ ದುಡ್ಡಲ್ಲಿ, ಚೆಲುವಾ.
ಅವನು ಮತ್ತೆ ಹದ್ದು ಹುಡುಕತೊಡಗಿದ.