ಎಳ್ಳಲ್ಲ

ಭೋಗಿ ಮುಗಿದು ನಾಕನೇ ದಿನ.
ಗೊಂಡೆ ಮಲಗಿ ಎದ್ದ ಚಾದರದ ಮ್ಯಾಲ
ಒಂದು ಬಿಳಿ ಎಳ್ಳು.
ಸಜ್ಜಿ ರೊಟ್ಟೀದು ಉದುರಿರಬೇಕಂತ
ಉಗುರಿಲೆ ಎತ್ತಾಕ ಹೋದೆ.
ಎಳ್ಳು ಮೈ ಮುರೀತು.

ಕೈ ತೊಳಕೊಂಡೆ. ಮತ್ತ ತೊಳಕೊಂಡೆ.
ಅಡಿಗಿ ಮನ್ಯಾಗ ಡಬ್ಬಿ ಮುಚ್ಚಳ ತೆಗೆದು
ಉಳಿದ ಎಳ್ಳು ಒಮ್ಮೆ ನೋಡಿದೆ.
ಅವು ಸುಮ್ಮನ ಇದ್ದುವು.

ನಮ್ಮವು ಎರಡು, ಲಡಿ ಮತ್ತ ಗೊಂಡೆ.
ಮೂರನೇ ಮಜಲಿ ಬಿಟ್ಟು ಎಂದೂ ಇಳಿದವಲ್ಲ.
ಭೂಮಿ ಅಂದ್ರ ಅವಕ್ಕ
ತುಳಸಿ ಕುಂಡ್ಯಾಗ ಇದ್ದಷ್ಟ.
ಕಿಡಕ್ಯಾಗ ಕೂತು ಅಶೋಕ ಚೌಕದ ರಿಕ್ಷಾ ನೋಡ್ತಾವ,
ಬ್ಯಾಸರಾದ್ರ ಒಂದರ ಬಾಲ ಒಂದು ನೋಡ್ತಾವ.
ಹೊರಗ ಹೋಗದವಕ್ಕ ಔಷಧ ಯಾತಕ್ಕ
ಅಂತ ನಾನೂ ಅಂದೆ, ಇವರೂ ಅಂದ್ರು.
ಮದುವ್ಯಾದ ಮ್ಯಾಲ ನಾವಿಬ್ಬರೂ ಒಪ್ಪಿದ
ಮಾತು ಅದೊಂದ.

ಡಾಕ್ಟರಬಾಯಿ ಅಷ್ಟೇಕರ ಚೀಟಿ ಬರಕೋತ ಕೇಳಿದ್ಲು:
ಘರಾತಚ್ ಅಸತಾತ್ ನಾ?
ಹೌದ್ರೀ, ಮನ್ಯಾಗ ಇರತಾವ ಅಂದೆ.
ಪೆನ್ನು ಇಟ್ಟು ನನ್ನ ನೋಡಿದ್ಲು.
ಮನಿಯವರು? ಈ ಸಲ ಕನ್ನಡದಾಗ.
ಅವರೂ ಮನ್ಯಾಗ ಇರತಾರ?

ಹುಳ ಬಂದದ್ದು ಚಿಗಟದ ಹೊಟ್ಟ್ಯಾಗ ಕೂತು,
ಚಿಗಟ ಹೋದದ್ದು ಬೆಕ್ಕು ಮೈ ನೆಕ್ಕುವಾಗ ಬಾಯಾಗ,
ಆ ಚಿಗಟ ಮೂರು ಜಿನೆ ಹತ್ತಿದ್ದು
ಯಾರ ಕಾಲ ಮ್ಯಾಲೋ
ಅದನ್ನ ನೀವ ಹುಡುಕ್ರಿ ಅಂದ್ಲು.

ರಾತ್ರಿ ಹಣಿಗಿಲೆ ಬಾಚಿದೆ.
ಗೊಂಡೆಯ ಬಾಲದ ಬುಡದಾಗ ಕರೀ ಪುಡಿ,
ಮೆಣಸು ಕುಟ್ಟಿ ಉಳಿದಂಗ.
ಒದ್ದಿ ಟಾವೆಲ್ಲಿನ ಮ್ಯಾಲ ಉದುರಿಸಿದೆ.
ಸುತ್ತ ಕೆಂಪು ಹರಡಿತು.
ಸೋಲಾಪುರದಾಗ ಹುಟ್ಟಿದವಳು ನಾನು,
ಬಣ್ಣ ಬಿಡೂ ಟಾವೆಲ್ಲು ಬೇಕಾದಷ್ಟು ನೋಡೇನಿ.
ಇದು ಟಾವೆಲ್ಲು ಬಿಟ್ಟದ್ದಲ್ಲ.

ಆಗ ಬಾಯಿ ಬಿಟ್ರು ಇವರು.
ಕಾರ್ಖಾನ್ಯಾಗ ಲೆಕ್ಕ ಬರಿಯೂ ಮೇಜಿನ ಹಿಂದ
ಕಸರ ಹತ್ತಿ ಗುಡ್ಡಿಯೊಳಗ
ಯಾರದೂ ಅಲ್ಲದ ಬೆಕ್ಕೊಂದು ಐತೆಂತ.
ದಿನಾ ತಮ್ಮ ಡಬ್ಬ್ಯಾಗಿನ ಅರ್ಧ ರೊಟ್ಟಿ ಅದಕ್ಕಂತ.
ನಾನು ಐದು ತಿಂಗಳಿಂದ
ಈ ಮನಶ್ಯಾಗ ರೊಟ್ಟಿ ಸಾಲವಲ್ದು ಅಂತ
ಒಂದು ಹೆಚ್ಚಿಗಿ ಕಟ್ಟತಿದ್ದೆ.

ಕೆಳಗಿನ ಮನಿ ಬಾಲಮಣಿ ಬೇವಿನ ಎಲಿ ತಂದು ಕೊಟ್ಲು,
ಹೊಗಿ ಹಾಕು, ಅರಿಷಿಣ ಹಚ್ಚು.
ಔಷಧ ಅಂಗಡಿ ಹುಡುಗ, ನಾಯೀದ ಐತ್ರೀ,
ಅದರಾಗ ಅರ್ಧ ಹಾಕ್ರಿ, ಅಗ್ಗ ಬೀಳತದ ಅಂದ.
ಡಾಕ್ಟರಬಾಯಿಗೆ ಫೋನ್ ಹಚ್ಚಿದೆ.
ನಾಯೀದು ಒಂದು ಹನೀನೂ ಬ್ಯಾಡ,
ಬೆಕ್ಕಿಗೆ ಅದು ವಿಷ, ಅಂತ ಒದರಿದ್ಲು.
ಅಂಗಡಿ ಹುಡುಗಗೂ ಕೇಳಿಸಿತು.

ತಿಂಗಳಿಗೊಮ್ಮೆ ಕುತ್ತಿಗಿ ಹಿಂದ ಹನಿ,
ಮೂರು ತಿಂಗಳಿಗೊಮ್ಮೆ ಗುಳಿಗಿ.
ಇವರು ಹಳೇ ಬಿಲ್ಲಿನ ಬೆನ್ನ ಮ್ಯಾಲ ವರ್ಷದ ಲೆಕ್ಕ ಹಾಕಿದ್ರು,
ಕೂಡಿದ್ರು, ಅಳಿಸಿದ್ರು, ಮತ್ತ ಕೂಡಿದ್ರು.
ಅಷ್ಟ ಬಂತು.
ನಿನ್ನ ಚಾದಷ್ಟು ಅಂದ್ರು. ನಿಮ್ಮ ಪಾನದಷ್ಟು ಅಂದೆ.
ಚಾ ಉಳೀತು, ಪಾನೂ ಉಳೀತು,
ಭಾನುವಾರದ ಶೇಂಗಾ ಚಿಕ್ಕಿ ಹೋತು.

ಡಬ್ಬಿ ಮ್ಯಾಲ ಬರದಿತ್ತು, ನಾಕು ಕಿಲೋದ ಒಳಗ ಒಂದು,
ನಾಕು ಕಿಲೋದ ಮ್ಯಾಲ ಇನ್ನೊಂದು.
ನೂಲು ತೂಗೂ ಕೊಂಡಿ ಕಾಟಾ ತಂದ್ರು.
ಲಡಿ ಚೀಲದಾಗ ಇಳೀತು, ಮೂರೂಮುಕ್ಕಾಲು.
ಗೊಂಡೆ ಇಳೀಲಿಲ್ಲ.
ನನ್ನ ಕೈಗೆ ಮೂರು ಗೆರಿ, ಇವರ ಮೂಗಿಗೆ ಒಂದು,
ಕಡೀಕ ನಾಕು ಕಿಲೋ ನೂರು ಗ್ರಾಂ.
ಚೀಲದ ತೂಕ ತೆಗದ್ರ ಸರಿಯಾಗಿ ನಾಕು.
ಮುಳ್ಳು ಗೆರಿ ಮ್ಯಾಲ ನಿಂತು
ಆ ಕಡೆಗೂ ಹೋಗವಲ್ದು, ಈ ಕಡೆಗೂ ಬರವಲ್ದು.
ಇದನ್ನೂ ಫೋನಿನಾಗ ಕೇಳಿದೆವು.
ಉಂಡಿತ್ತೋ, ಉಪವಾಸ ಇತ್ತೋ? ಅಂದ್ಲು.

ಹಚ್ಚಿದಿವಿ.
ಕೂದಲ ಸೀಳಿ, ಚರ್ಮ ಕಂಡ ಮ್ಯಾಲ, ಹನಿ.
ಎರಡೂ ಪಲ್ಲಂಗದ ಬುಡಕ ಹೋಗಿ
ನಮ್ಮ ಕಡೆ ಬೆನ್ನು ಮಾಡಿ ಕೂತುವು.
ಚಾದರ, ದಿಂಬು, ಪರದೆ ಎಲ್ಲಾ ಕುದಿಯೂ ನೀರಾಗ.

ಕ್ಯಾಲೆಂಡರಿನಾಗ ಹದಿನೆಂಟಕ್ಕ ಗುಂಡು ಸುತ್ತಿ
ಲಡಿ, ಗೊಂಡೆ ಅಂತ ಬರದೆ.
ಔಷಧದ ಚೀಲ ಝಾಡಿಸಿದ್ರ
ಡಬ್ಬಿ ಇನ್ನೊಂದು ಬಿತ್ತು.
ಮೂರನೇದರ ಹೆಸರೇನ್ರೀ? ಅಂದೆ.

ಇವರು ಪ್ಯಾಂಟಿನ ಮಡಿಕಿ ಝಾಡಿಸಲಿಕ್ಕೆ
ಗ್ಯಾಲರಿಗೆ ಹೋದ್ರು.