ಹೂಳಿನ ಲೆಕ್ಕ

ನೌಬಾದಿನ ಸುರಂಗಬಾವಿಗೆ ಹಗ್ಗ ಬಿಟ್ಟಾಗ
ಬೆಳಗಿನ ಒಂಬತ್ತು. ಸೊಂಟಕ್ಕೆ ಗಂಟು ಬಿಗಿದು
ಬೀಡಿಕಟ್ಟು ನನ್ನ ಕೈಗಿಟ್ಟು ಇಳಿದ ಲಾಡ್ಲೇಸಾಬ.
ನಾನು ಮೋಜಣಿಯವನು. ರಿಜಿಸ್ಟರು, ಪೆನ್ಸಿಲ್ಲು,
ಬುಟ್ಟಿಗೊಂದು ಗೀಟು.

ಹನ್ನೊಂದಕ್ಕೆ ಹಗ್ಗ ಸಡಿಲಾಯಿತು.
'ಲಾಡ್ಲೇಸಾಬರೇ' ಎಂದು ಕೂಗಿದೆ.
ನನ್ನ ಕೂಗೇ ಮೂರು ಕಿಂಡಿಗಳಿಂದ ಎದ್ದು ಬಂತು,
ಮೂರೂ ಬೇರೆ ಬೇರೆ ದನಿ.
ನಾಲ್ಕಕ್ಕೆ ಏಳನೇ ಕಿಂಡಿಯಲ್ಲಿ ತಲೆ ತೋರಿಸಿ
ಮೊದಲು ಬೀಡಿ ಕೇಳಿದ.

"ಬರ್ಕೋರಿ ಸಾಹೇಬ್ರ. ಎರಡನೇ ಕಿಂಡಿ ದಾಟಿದ್ರ ಒಂದು ಊರದ.
ಅಲ್ಲಿ ಮನುಷ್ಯಾನ ಎತ್ತರ ನೆರಳಿನಿಂದ ಅಳೀತಾರ.
ಹೊತ್ತು ಮುಳುಗೋವಾಗ ಕಚೇರಿ ತೆರೀತದ,
ಆಗ ಎಲ್ಲರೂ ದೊಡ್ಡ ಮನುಷ್ಯಾರೇ.
ನಡು ಮಧ್ಯಾಹ್ನ ಹೊರಗ ಬಂದವರಿಗಿ ದಂಡ.
ಒಬ್ಬಾಕಿ ಮುದುಕಿ ಬಂದಿದ್ಲು, ಹಪ್ಪಳ ಒಣಗಿಸ್ಲಿಕ್ಕ;
ಕಾಲಡಿ ನೆರಳು ರೊಟ್ಟಿಯಷ್ಟು.
'ಈಕಿ ನಮ್ಮನ್ನೆಲ್ಲ ಸಣ್ಣವರ ಮಾಡ್ತಾಳ' ಅಂತ
ಎಳ್ಕೊಂಡು ಹ್ವಾದ್ರು."

ನೆಲದಡಿ ಸೂರ್ಯ ಎಲ್ಲಿಂದ ಬಂದ?
"ನೀವೇ ಕಂದೀಲು ಕೊಟ್ಟಿರಲ್ರೀ.
ನಾ ಎತ್ತಿದ್ದೇ ಮಧ್ಯಾಹ್ನ."

"ನಾಲ್ಕನೇ ಕಿಂಡಿ ಕೆಳಗ ಸಿಟ್ಟು ಸಾಕೋ ಮಂದಿ.
ಮನಿಗೊಂದು, ಗೂಟಕ್ಕ ಕಟ್ಟಿರ್ತದ, ಮೈತುಂಬ ಕೂದಲ.
ಕೂಸಿಗಿ ಹಾಲಿಲ್ಲಂದ್ರೂ ಅದಕ್ಕ ಹಿಂಡಿ ತಪ್ಪಂಗಿಲ್ಲ.
ಬೇಸ್ತವಾರ ಸಂತಿ. ಯಾರದು ಎಷ್ಟು ಕೊಬ್ಬೇದ ಅಂತ
ಹಲ್ಲು ಬಿಡಿಸಿ ನೋಡ್ತಾರ.
ಅಜ್ಜನ ಕಾಲದ್ದಾದ್ರ ರೇಟು ಜಾಸ್ತಿ.
ಇಲ್ಲದವ ಬಾಡಿಗಿ ತರ್ತಾನ, ಲಗ್ನ ಮುಂಜಿಗಿ ಬೇಕಲ್ಲ.
ನನ್ನ ಕೇಳಿದ್ರು, 'ನಿಂದೆಲ್ಲಿ?'
ಊರಾಗ ಬಿಟ್ಟು ಬಂದೀನಿ ಅಂದೆ.
ತಮ್ಮನ ಮನಿಗೂ ನನ್ನ ಮನಿಗೂ ನಡುವ ಒಂದು ಗ್ವಾಡಿ,
ಹನ್ನೊಂದು ವರ್ಷದ್ದು.
ಭಾಳ ಮರ್ಯಾದಿ ಕೊಟ್ರು. ಚಹಾ ಕುಡಿಸಿದ್ರು."

ಇಲ್ಲಿ ಸುಮ್ಮನಾದ. ಹಿಮ್ಮಡಿಯ ಕೆಸರು ಕೆರೆದ.

"ಕಡೀ ಊರಾಗ ರಾಜಾ ಇಲ್ಲ. ಒಂದು ಹುಡುಗಿ ಕತಿ ಬರ್ಕೋತ ಕೂತಿತ್ತು.
'ನಿಮ್ಮ ದೇಶದ್ದು ಹೇಳು ಕಾಕಾ.' ಹೇಳಿದೆ.
ಹಿರೇರು ಕಲ್ಲು ಕೊರೆದು ನೀರು ನಡಿಸ್ಯಾರ, ಮೋಟರಿಲ್ಲ, ಬಿಲ್ಲಿಲ್ಲ.
ನಾವು ಅದರ ಬಾಯಾಗ ಕಸ ತುಂಬೀವಿ,
ಮ್ಯಾಲ ಪ್ಲಾಟು ಹಾಕೀವಿ, ಪ್ಲಾಟಿಗಿ ಹೊಳಿ ಹೆಸರಿಟ್ಟೀವಿ,
ಮತ್ತ ಕೊಡ ಹಿಡ್ಕೊಂಡು ಟ್ಯಾಂಕರಿಗಿ ಪಾಳಿ ನಿಂತೀವಿ.
ಯಾರ ಕೊಡ ಯಾರ ಕೊಡಕ್ಕ ತಾಗಬಾರದು
ಅಂತ ಪಾಳಿಯಾಗೂ ಲೆಕ್ಕ ಅದ.
ಆಕಿ ಪೆನ್ನು ಕೆಳಗಿಟ್ಟಳು.
'ಸುಳ್ಳಿಗೂ ಒಂದು ಅಳತಿ ಬೇಕು ಕಾಕಾ.
ನಮ್ಮ ಹುಡುಗರು ನಂಬಂಗಿಲ್ಲ.'"

ನನ್ನ ಮನೆ ಇರುವುದು ಮಾಂಜ್ರಾ ಲೇಔಟಿನಲ್ಲಿ.
ಅವನಿಗೆ ಹೇಳಲಿಲ್ಲ.

ಬರೆದೆ: ಹೂಳು, ಹದಿನೆಂಟು ಬುಟ್ಟಿ.
ಚಪ್ಪಲಿ ಮೂರು, ಮೂರೂ ಎಡಗಾಲಿನವು.
ಷರಾ: ಬೇರೇನೂ ಕಂಡುಬಂದಿಲ್ಲ.
ಕೆಳಗೆ ಅವನ ಹೆಬ್ಬೆಟ್ಟು,
ಮಸಿಗಿಂತ ಕೆಸರೇ ಹೆಚ್ಚು.

ಆರರ ಬಿಸಿಲು ಕೆಮ್ಮಣ್ಣಿನ ಮೇಲೆ ಅಡ್ಡ ಬಿದ್ದಿತ್ತು.
ನನ್ನ ನೆರಳು ರಸ್ತೆ ದಾಟಿ
ಆಚೆಯ ಕಬ್ಬಿನ ಹೊಲದ ತನಕ ಹೋಗಿತ್ತು.
ಯಾಕೋ ಬೆನ್ನು ನೆಟ್ಟಗೆ ಮಾಡಿ ನಿಂತೆ.
ಹಗ್ಗ ಸುತ್ತುತ್ತಿದ್ದವನನ್ನು
'ಏ ಲಾಡ್ಲ್ಯಾ' ಎಂದು ಕರೆದೆ.